ಐಸ್ ಎಲ್ಲಿದೆ ಹೇಳಿ, ಆಟ ಆಮೇಲೆ

ಹಿಂದಿನ ಸಂಚಿಕೆಯಲ್ಲಿ ಮಹಿಳೆಯರ ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 2025ರ ಏಪ್ರಿಲ್‌ನಲ್ಲಿ ಚೆಕ್ ದೇಶದ ಚೆಸ್ಕೆ ಬುಡೆಯೊವಿತ್ಸೆ ಊರಿನಲ್ಲಿ ನಡೆದ ಫೈನಲ್‌ನಲ್ಲಿ ಅಮೆರಿಕದವರು ಕೆನಡಾವನ್ನು 4-3ರಿಂದ ಸೋಲಿಸಿದರು, ಅದೂ ಹೆಚ್ಚುವರಿ ಸಮಯದಲ್ಲಿ, ಅಂತ. ಅದನ್ನು ಓದಿ ಮುಂಬೈ, ಪುಣೆ, ಗೋವಾದಿಂದ ಒಳ್ಳೊಳ್ಳೆ ಪ್ರಶ್ನೆಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಕ್ರಿಕೆಟ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಯಾವಾಗ ನೋಡಿದರೂ ಫೈನಲ್‌ನಲ್ಲಿ ಅದೇ ಅಮೆರಿಕ, ಅದೇ ಕೆನಡಾ. ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಅಂತ ಹೆಸರು ಬೇರೆ! ಅವರಿಬ್ಬರೇ ಆಡಿಕೊಂಡು ಕಪ್ ಹಂಚಿಕೊಳ್ಳಲಿ ಬಿಡಿ.
— ಮಾಟುಂಗಾದ ಓದುಗರು

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಥ ಇದೆ. ಮೊದಲ ಅಧಿಕೃತ ಚಾಂಪಿಯನ್‌ಷಿಪ್ 1990ರಲ್ಲಿ ಕೆನಡಾದ ಒಟ್ಟಾವದಲ್ಲಿ ನಡೆಯಿತು. ಅಲ್ಲಿಂದ 2025ರವರೆಗೆ 24 ಟೂರ್ನಿ ಆಗಿವೆ. ಕೆನಡಾ 13 ಗೆದ್ದಿದೆ, ಅಮೆರಿಕ 11. ಮೂರನೇ ದೇಶದ ಹೆಸರೇ ಇಲ್ಲ. ಒಲಿಂಪಿಕ್ಸ್‌ನಲ್ಲೂ ಅದೇ ಕಥೆ, 1998ರ ನಗಾನೊದಿಂದ 2022ರ ಬೀಜಿಂಗ್‌ವರೆಗಿನ ಏಳು ಚಿನ್ನದಲ್ಲಿ ಐದು ಕೆನಡಾಕ್ಕೆ, ಎರಡು ಅಮೆರಿಕಕ್ಕೆ.

ಆದರೆ 2019ರ ಫೈನಲ್ ಒಂದನ್ನು ನೀವು ನೋಡಬೇಕಿತ್ತು. ಟೂರ್ನಿ ಫಿನ್ಲೆಂಡಿನ ಎಸ್ಪೂದಲ್ಲಿ. ಸೆಮಿಫೈನಲ್‌ನಲ್ಲಿ ಫಿನ್ಲೆಂಡಿನ ಹುಡುಗಿಯರು ಕೆನಡಾವನ್ನೇ 4-2ರಿಂದ ಮನೆಗೆ ಕಳಿಸಿ, ತಮ್ಮದೇ ಜನರ ಮುಂದೆ ಅಮೆರಿಕದ ಎದುರು ಫೈನಲ್‌ಗೆ ಇಳಿದರು. 1-1 ಸಮ. ಹೆಚ್ಚುವರಿ ಸಮಯದಲ್ಲಿ ಪೆಟ್ರಾ ನಿಯೆಮಿನೆನ್ ಗೋಲು ಹೊಡೆದೇಬಿಟ್ಟರು! ಹುಡುಗಿಯರು ಗ್ಲೌಸ್, ಸ್ಟಿಕ್ ಎಲ್ಲ ಎಸೆದು ಒಬ್ಬರ ಮೇಲೊಬ್ಬರು ಬಿದ್ದರು, ಸ್ಟೇಡಿಯಂ ಎದ್ದು ನಿಂತಿತು. ಅಷ್ಟರಲ್ಲಿ ರೆಫರಿಗಳು ವಿಡಿಯೊ ನೋಡಲು ಹೋದರು. ನೋಡಿದರು, ನೋಡಿದರು, ನೋಡುತ್ತಲೇ ಇದ್ದರು. ಕೊನೆಗೆ, ಗೋಲ್‌ಕೀಪರ್‌ಗೆ ಅಡ್ಡಿಯಾಗಿದೆ, ಗೋಲು ಇಲ್ಲ ಅಂದುಬಿಟ್ಟರು. ಗೆದ್ದೆವು ಅಂತ ಕುಣಿದವರು ಮತ್ತೆ ಹೆಲ್ಮೆಟ್ ಹಾಕಿಕೊಂಡು ಆಡಬೇಕಾಯಿತು, ಶೂಟೌಟ್‌ನಲ್ಲಿ ಸೋತರು. ಆ ತೀರ್ಪು ಸರಿಯೋ ತಪ್ಪೋ ಅಂತ ಈಗಲೂ ವಾದ ನಡೆಯುತ್ತದೆ. ನನ್ನನ್ನು ಕೇಳಿದರೆ ಆ ಗೋಲು ಕೊಡಬೇಕಿತ್ತು. ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ಗೆ ಅಮೆರಿಕ, ಕೆನಡಾ ಬಿಟ್ಟು ಬೇರೆ ದೇಶ ಬಂದಿದ್ದು ಅದೊಂದೇ ಸಲ.

ಈ ಎರಡೇ ದೇಶ ಯಾಕೆ ಅಂದರೆ, ಅಲ್ಲಿ ಹುಡುಗಿಯರಿಗೆ ಐಸ್ ಸಿಗುತ್ತದೆ, ಅಷ್ಟೇ. ಅಮೆರಿಕದಲ್ಲಿ 1972ರಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಸರ್ಕಾರದ ದುಡ್ಡು ತೆಗೆದುಕೊಳ್ಳುವ ಕಾಲೇಜು ಹೆಣ್ಣು ಗಂಡು ಅಂತ ಭೇದ ಮಾಡುವ ಹಾಗಿಲ್ಲ, ಆಟದಲ್ಲೂ. ಅದರಿಂದ ಹುಡುಗಿಯರಿಗೆ ಕಾಲೇಜು ತಂಡ, ಸ್ಕಾಲರ್‌ಷಿಪ್, ಕೋಚ್ ಎಲ್ಲ ನಿಧಾನಕ್ಕೆ ಬಂತು. ಹಾಗಂತ ಅಲ್ಲೂ ಎಲ್ಲ ಸುಲಭವಾಗಿ ಸಿಕ್ಕಿಲ್ಲ. 2017ರಲ್ಲಿ ಚಾಂಪಿಯನ್‌ಷಿಪ್ ಅಮೆರಿಕದಲ್ಲೇ ನಡೆಯಬೇಕಿತ್ತು, ಆಗ ಅಮೆರಿಕದ ಆಟಗಾರ್ತಿಯರು ಸರಿಯಾದ ಸಂಬಳ, ಸೌಲಭ್ಯ ಕೊಡದಿದ್ದರೆ ಆಡುವುದೇ ಇಲ್ಲ ಅಂತ ಪಟ್ಟು ಹಿಡಿದು ಕೂತರು. ಟೂರ್ನಿ ಶುರುವಾಗುವ ಹೊತ್ತಿಗೆ ಒಪ್ಪಂದ ಆಯಿತು. ಆಮೇಲೆ ಹೋಗಿ ಚಿನ್ನವನ್ನೂ ಗೆದ್ದರು. ಇದಲ್ವಾ ಧೈರ್ಯ!

ಇನ್ನೊಂದು ವಿಷಯ. 1990ರಲ್ಲಿ ಕೆನಡಾ ಜಪಾನನ್ನು 18-0ಯಿಂದ ಸೋಲಿಸಿತ್ತು. ಅದೇ ಜಪಾನ್ 2025ರಲ್ಲಿ ಮೇಲಿನ ಹತ್ತು ತಂಡಗಳಲ್ಲಿ ಒಂದು. ಅಂತರ ಕಡಿಮೆಯಾಗುತ್ತಿದೆ, ಆದರೆ ನಿಧಾನಕ್ಕೆ.

ಪ್ರಶ್ನೆ: ನಾನು ಕೊಡಗಿನವನು, ಖಡ್ಕಿಯಲ್ಲಿ ಇದ್ದೇನೆ, ಧನರಾಜ್ ಪಿಳ್ಳೈ ಊರು ಅಂತ ಹೆಮ್ಮೆ. ಹಾಕಿ ಅಂದರೆ ಪ್ರಾಣ. ಆದರೆ ಈ ಐಸ್ ಹಾಕಿ ನೋಡಿದರೆ ತಲೆಬುಡ ಗೊತ್ತಾಗಲ್ಲ. ಚೆಂಡೇ ಕಾಣಲ್ಲ. ಆಟ ನಡೆಯುವಾಗಲೇ ಆಟಗಾರ್ತಿಯರು ಬೇಲಿ ಹಾರಿ ಹೋಗ್ತಾರೆ, ಬರ್ತಾರೆ. ಏನಿದು?
— ಪುಣೆಯ ನಿವೃತ್ತ ಸೈನಿಕರು

ಉತ್ತರ: ಸರ್, ಕೊಡವ ಹಾಕಿ ಹಬ್ಬದಲ್ಲಿ ಮನೆತನಕ್ಕೊಂದು ತಂಡ ಮಾಡಿಕೊಂಡು, ಅಜ್ಜ ಮೊಮ್ಮಗಳು ಒಟ್ಟಿಗೆ ಮೈದಾನಕ್ಕಿಳಿಯುವ ಊರಿನವರು ನೀವು. ನಿಮಗೆ ಇದು ಅರ್ಥವಾಗದೆ ಇರುತ್ತದಾ? ಚೆಂಡು ಕಾಣದಿರುವುದು ನಿಮ್ಮ ಕಣ್ಣಿನ ದೋಷ ಅಲ್ಲ, ಚೆಂಡೇ ಇಲ್ಲ. ಇರುವುದು ಪಕ್, ಗಟ್ಟಿ ರಬ್ಬರಿನ ಬಿಲ್ಲೆ. ಟೊರಾಂಟೊದಲ್ಲಿರುವ ನನ್ನ ತಂಗಿಯ ಮಗ ತಂದುಕೊಟ್ಟದ್ದು ಒಂದು ಈಗ ನನ್ನ ಮೇಜಿನ ಮೇಲೆ ಪೇಪರ್‌ವೇಟ್ ಆಗಿ ಕೂತಿದೆ. ಸುಮಾರು ಏಳೂವರೆ ಸೆಂಟಿಮೀಟರ್ ಅಗಲ, ಎರಡೂವರೆ ದಪ್ಪ, ನೋಡಲು ಕಪ್ಪಗೆ ಸೀದುಹೋದ ದಪ್ಪ ನಿಪ್ಪಟ್ಟಿನ ಹಾಗೆ, ತೂಕ 160 ಗ್ರಾಂ ಆಸುಪಾಸು. ಅಂಚಿನಲ್ಲಿ ಸ್ಟಿಕ್ ಹಿಡಿತಕ್ಕೆ ಸಣ್ಣ ಗೀರುಗಳಿವೆ. ಮ್ಯಾಚ್‌ಗೆ ಮುಂಚೆ ಪಕ್‌ಗಳನ್ನು ಫ್ರೀಜರ್‌ನಲ್ಲಿ ಇಡುತ್ತಾರೆ. ಬೆಚ್ಚಗಿದ್ದರೆ ರಬ್ಬರ್ ಪುಟಿಯುತ್ತದೆ, ತಣ್ಣಗಿದ್ದರೆ ಐಸ್ ಮೇಲೆ ಸಲೀಸಾಗಿ ಜಾರುತ್ತದೆ.

ಒಂದು ತಂಡದಿಂದ ಐಸ್ ಮೇಲೆ ಗೋಲ್‌ಕೀಪರ್ ಸೇರಿ ಆರು ಜನ. ಇಪ್ಪತ್ತು ನಿಮಿಷದ ಮೂರು ಪಿರಿಯಡ್. ಪೂರ್ತಿ ವೇಗದಲ್ಲಿ ಜಾರುತ್ತಾ ಆಡಿದರೆ ಒಂದು ನಿಮಿಷದೊಳಗೆ ಕಾಲು ಸೋತುಹೋಗುತ್ತದೆ, ಅದಕ್ಕೇ ನಲವತ್ತು ಐವತ್ತು ಸೆಕೆಂಡಿಗೊಮ್ಮೆ ಬೆಂಚಿನಲ್ಲಿದ್ದವರು ಇಳಿಯುತ್ತಾರೆ, ಆಡಿದವರು ಹತ್ತುತ್ತಾರೆ, ಆಟ ಮಾತ್ರ ನಿಲ್ಲುವುದಿಲ್ಲ. ಈ ಬದಲಾವಣೆಯ ಹೊತ್ತಿನಲ್ಲಿ ಯಾರಾದರೂ ಒಂದು ಕ್ಷಣ ತಡ ಮಾಡಿದರೆ ಎದುರಾಳಿಗೆ ಬಾಗಿಲು ತೆರೆದಂತೆ. ಇದನ್ನೇ ಗಮನಿಸಿ, ಅರ್ಧ ಆಟ ಅರ್ಥವಾಗುತ್ತದೆ. ತಪ್ಪು ಮಾಡಿದವರು ಎರಡು ನಿಮಿಷ ಹೊರಗೆ ಕೂರುತ್ತಾರೆ, ಅಷ್ಟು ಹೊತ್ತು ಎದುರಾಳಿಗೆ ಒಬ್ಬರು ಜಾಸ್ತಿ. ಇದಕ್ಕೆ ಪವರ್ ಪ್ಲೇ ಅನ್ನುತ್ತಾರೆ, ಕ್ರಿಕೆಟ್ಟಿನ ಪವರ್ ಪ್ಲೇಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಹಾಕಿಯಲ್ಲಿ ಆಫ್‌ಸೈಡ್ ತೆಗೆದುಹಾಕಿ ಎಷ್ಟೋ ವರ್ಷ ಆಯಿತು, ಇಲ್ಲಿ ಇನ್ನೂ ಇದೆ. ಎದುರಾಳಿಯ ಗೋಲಿನ ಕಡೆ ಐಸ್ ಮೇಲೆ ಎಳೆದಿರುವ ನೀಲಿ ಗೆರೆಯನ್ನು ಪಕ್ ದಾಟುವ ಮುಂಚೆ ನೀವು ದಾಟುವ ಹಾಗಿಲ್ಲ. ಮೊದಲು ಪಕ್ ಹಿಂದೆ ಓಡಬೇಡಿ, ಆಟಗಾರ್ತಿಯರ ಮೈ ಯಾವ ಕಡೆ ತಿರುಗುತ್ತದೆ ನೋಡಿ. ಪಕ್ ತಾನಾಗಿ ಸಿಗುತ್ತದೆ.

ಪ್ರಶ್ನೆ: ಗಂಡಸರ ಆಟದಲ್ಲಿ ಮೈಗೆ ಮೈ ಡಿಕ್ಕಿ ಹೊಡೆದು ಕೆಡವಬಹುದು, ಹೆಂಗಸರ ಆಟದಲ್ಲಿ ಬೇಡ ಅಂತಾರೆ. ಇದು ಹೆಂಗಸರು ಅಂದರೆ ನಾಜೂಕು ಅನ್ನುವ ಹಳೇ ಬುದ್ಧಿ ಅಲ್ವಾ ಅಕ್ಕಾ?
— ಡೊಂಬಿವಲಿಯ ಕಾಲೇಜು ಹುಡುಗಿ

ಉತ್ತರ: ನೀನು ಕೇಳಿದ್ದನ್ನೇ ಅಲ್ಲಿನವರೂ ಕೇಳುತ್ತಾರಮ್ಮ. 1990ರ ಮೊದಲ ಚಾಂಪಿಯನ್‌ಷಿಪ್‌ನಲ್ಲಿ ಡಿಕ್ಕಿಗೆ ಅವಕಾಶ ಇತ್ತು, ಆಮೇಲೆ ತೆಗೆದರು. ಆಗ ತಂಡಗಳ ನಡುವೆ ಬಲದ ಅಂತರ ಎಷ್ಟಿತ್ತು ಅಂತ ಆ 18-0 ನೋಡಿದರೆ ಗೊತ್ತಾಗುತ್ತದೆ, ಹಾಗಾಗಿ ಆ ಕಾಲಕ್ಕೆ ಒಂದು ಕಾರಣ ಇತ್ತು ಅಂದುಕೊಳ್ಳೋಣ. 2024ರ ಜನವರಿಯಲ್ಲಿ ಅಮೆರಿಕ-ಕೆನಡಾದಲ್ಲಿ ಶುರುವಾದ ಪಿಡಬ್ಲ್ಯೂಎಚ್ಎಲ್ ಅನ್ನುವ ಮಹಿಳೆಯರ ವೃತ್ತಿಪರ ಲೀಗ್‌ನಲ್ಲಿ ಮೈ ತಾಗಿಸಿ ಆಡಲು ಜಾಸ್ತಿ ಬಿಡುತ್ತಾರೆ. ಜನರೂ ಇಷ್ಟಪಟ್ಟಿದ್ದಾರೆ. ನನಗೂ ಅದೇ ಸರಿ ಅನಿಸುತ್ತದೆ. ನಾಜೂಕು ಅನ್ನುವ ಮಾತು ಮಾತ್ರ ಬೇಡ. ಡಿಕ್ಕಿ ಇಲ್ಲದಿದ್ದರೂ ಮಹಿಳೆಯರ ಪಂದ್ಯದಲ್ಲಿ ಗೋಡೆಯ ಹತ್ತಿರ ಪಕ್‌ಗಾಗಿ ನಡೆಯುವ ತಳ್ಳಾಟ ಒಮ್ಮೆ ನೋಡು, ಸಾಯಂಕಾಲದ ಡೊಂಬಿವಲಿ ಫಾಸ್ಟ್ ಲೋಕಲ್ ರೈಲು ಹತ್ತುವ ನಿನಗೂ ಮೈ ಜುಮ್ ಅನ್ನುತ್ತದೆ.

ಮುಖಕ್ಕೆ ಪೂರ್ತಿ ಜಾಲರಿ ಇರುವ ಹೆಲ್ಮೆಟ್ ಮಹಿಳೆಯರಿಗೆ ಕಡ್ಡಾಯ. 2023ರಲ್ಲಿ ಇಂಗ್ಲೆಂಡಿನಲ್ಲಿ ಗಂಡಸರ ಪಂದ್ಯವೊಂದರಲ್ಲಿ ಸ್ಕೇಟಿನ ಬ್ಲೇಡ್ ಕುತ್ತಿಗೆಗೆ ತಾಗಿ ಆಡಮ್ ಜಾನ್ಸನ್ ಅನ್ನುವ ಆಟಗಾರ ತೀರಿಕೊಂಡ ಮೇಲೆ, ಅಂತರರಾಷ್ಟ್ರೀಯ ಒಕ್ಕೂಟ ತನ್ನ ಟೂರ್ನಿಗಳಲ್ಲಿ ಕುತ್ತಿಗೆ ಪಟ್ಟಿಯನ್ನೂ ಕಡ್ಡಾಯ ಮಾಡಿತು. ಅದು ಹೆಣ್ಣು ಗಂಡು ಎಲ್ಲರಿಗೂ.

ಪ್ರಶ್ನೆ: ಕೆನಡಾದ ಹುಡುಗಿಯರು ಗುಲಾಬಿ ಜೆರ್ಸಿ ಹಾಕಿ ಆಡಿದ್ದು ನಿಜವೇ?
— ಠಾಣೆ

ಉತ್ತರ: ನಿಜ. 1990ರಲ್ಲಿ, ಒಟ್ಟಾವದಲ್ಲಿ. ಜನ ಬರಲಿ ಅಂತ ಮಾಡಿದ ಪ್ರಚಾರ. ಕೆಲವು ಆಟಗಾರ್ತಿಯರಿಗೆ ಇಷ್ಟ ಇರಲಿಲ್ಲ. ಜನ ಬಂದರು, ಕೆನಡಾ ಗೆದ್ದಿತು, ಗುಲಾಬಿ ಮೂಲೆ ಸೇರಿತು.

ಪ್ರಶ್ನೆ: ನಮ್ಮ ದೇಶಕ್ಕೂ ಮಹಿಳಾ ಐಸ್ ಹಾಕಿ ತಂಡ ಇದೆ ಅಂತ ಮಗ ಹೇಳಿದ. ನಂಬಬಹುದಾ? ಇದ್ದರೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಯಾಕೆ ಕಾಣುವುದಿಲ್ಲ?
— ಅಂಧೇರಿಯ ಗೃಹಿಣಿ

ಉತ್ತರ: ನಂಬಿ ಅಮ್ಮ, ನಿಮ್ಮ ಮಗ ಹೇಳಿದ್ದು ಸರಿ. ಹೆಚ್ಚಿನವರು ಲಡಾಖಿನ ಹುಡುಗಿಯರು. ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿದ್ದು 2016ರಲ್ಲಿ, ತೈಪೆಯಲ್ಲಿ. ಗೆಲುವು ಸಿಗಲಿಲ್ಲ. ಮುಂದಿನ ವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ 4-3ರಿಂದ ಮೊದಲ ಪಂದ್ಯ ಗೆದ್ದರು. ಜನರಿಂದ ಚಂದಾ ಎತ್ತಿ ವಿಮಾನ ಹತ್ತಿದ ತಂಡ ಅದು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ತಂದರು. ಮರಳುಗಾಡಿನ ಊರಿನಲ್ಲಿ ಐಸ್ ಮೇಲೆ ಪದಕ!

ಅಲ್ಲಿಗೇ ಬರುತ್ತೇನೆ. ಮರಳುಗಾಡಿನಲ್ಲಿ ವರ್ಷಪೂರ್ತಿ ಐಸ್ ಇದೆ, ಯಾಕೆಂದರೆ ಅವರು ಒಳಾಂಗಣ ರಿಂಕ್, ಅಂದರೆ ಐಸ್ ಅಂಗಳ, ಕಟ್ಟಿದರು. ಲಡಾಖಿನ ಹುಡುಗಿಯರಿಗೆ ಇರುವುದು ಚಳಿಗಾಲದಲ್ಲಿ ಹೆಪ್ಪುಗಟ್ಟುವ ಐಸ್, ಅದೂ ಎರಡು ತಿಂಗಳು ಸಿಕ್ಕರೆ ಪುಣ್ಯ. ಲೇಹ್‌ನ ಕರ್ಜೂ ಕೆರೆ, ಗುಪುಕ್ಸ್ ಕೆರೆ, ಈಗ ಎನ್‌ಡಿಎಸ್ ಸ್ಟೇಡಿಯಂನ ರಿಂಕ್. ಆ ಎರಡು ತಿಂಗಳನ್ನೂ ಗಂಡು ಹುಡುಗರ ಜೊತೆ, ಸೈನ್ಯದ ತಂಡಗಳ ಜೊತೆ ಹಂಚಿಕೊಳ್ಳಬೇಕು. ಕೆನಡಾದ ಒಲಿಂಪಿಕ್ ಚಾಂಪಿಯನ್ ಹೇಲಿ ವಿಕನ್‌ಹೈಸರ್ 2018ರಲ್ಲಿ ಲಡಾಖಿಗೆ ಬಂದು ಈ ಹುಡುಗಿಯರ ಜೊತೆ ಆಡಿದರು, ಆಮೇಲೆ ಅವರನ್ನು ಕ್ಯಾಲ್ಗರಿಗೂ ಕರೆಸಿಕೊಂಡರು. ಕಲಿಸುವವರು ಸಿಗುತ್ತಾರೆ, ಕಲಿಯುವವರಂತೂ ಸಿದ್ಧವಾಗಿದ್ದಾರೆ. ಐಸ್ ಒಂದೇ ಇಲ್ಲದಿರುವುದು.

ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ದೊಡ್ಡ ಒಳಾಂಗಣ ರಿಂಕ್ ಕಟ್ಟಿದರು. ಕೂಟ ಮುಗಿಯಿತು, ರಿಂಕ್ ವರ್ಷಗಟ್ಟಲೆ ಬೀಗ ಹಾಕಿಕೊಂಡು ಬಿದ್ದಿತ್ತು, ಮತ್ತೆ ತೆರೆದದ್ದು 2025ರಲ್ಲಿ. ಆ ನಡುವಿನ ವರ್ಷಗಳಲ್ಲಿ ಲೇಹ್‌ನಲ್ಲಿ ಹತ್ತು ವಯಸ್ಸಿನ ಹುಡುಗಿ ಇಪ್ಪತ್ತು ದಾಟಿರುತ್ತಾಳೆ, ಲೆಕ್ಕ ಹಾಕಿ. ನನಗೆ ಕೋಪ ಬರುವುದು ಇದಕ್ಕೇ. ಗೊರಾಯಿಯ ಎಸ್ಸೆಲ್‌ವರ್ಲ್ಡ್‌ನಲ್ಲಿ ಐಸ್ ಸ್ಕೇಟಿಂಗ್ ಮಾಡಿ ಬಿದ್ದೆದ್ದ ನೆನಪು ಮುಂಬೈಯ ನಮ್ಮ ವಯಸ್ಸಿನವರಿಗೆ ಇರಬಹುದು. ಆ ಪಾರ್ಕೂ 2022ರಲ್ಲಿ ಮುಚ್ಚಿತು.

ಇನ್ನು ವಿಶ್ವ ಚಾಂಪಿಯನ್‌ಷಿಪ್. ಮೇಲಿನ ದರ್ಜೆಯಲ್ಲಿ 2025ರಲ್ಲಿ ಹತ್ತೇ ತಂಡ. ಬಲಶಾಲಿ ಐದು ಒಂದು ಗುಂಪು, ಉಳಿದ ಐದು ಇನ್ನೊಂದು. ಮೊದಲ ಗುಂಪಿನ ಐದೂ ಕ್ವಾರ್ಟರ್‌ಫೈನಲ್‌ಗೆ, ಎರಡನೆಯದರಿಂದ ಮೂರು. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ದರ್ಜೆಗಳಿವೆ, ಒಂದೊಂದನ್ನೇ ಗೆದ್ದು ಮೇಲೆ ಹತ್ತಬೇಕು. ನಮ್ಮವರು ಈಗ ಏಷ್ಯಾದ ಟೂರ್ನಿಗಳಲ್ಲಿ ಕಾಲೂರುತ್ತಿದ್ದಾರೆ. ಟಿವಿಯಲ್ಲಿ ಅವರನ್ನು ಹುಡುಕುವುದು ಬಿಡಬೇಡಿ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಮೊಬೈಲ್‌ನಲ್ಲಿ ನೋಡಿ ಐಸ್ ಹಾಕಿ ಕಲೀಬೇಕು ಅಂತ ಹಟ. ಗೋವಾದಲ್ಲಿ ಎಲ್ಲಿಂದ ತರಲಿ ಐಸ್? ಮೀನು ಮಾರ್ಕೆಟ್ಟಿನಲ್ಲಿ ಮಾತ್ರ ಇದೆ.
— ಮಡಗಾಂವ್‌ನ ಅಮ್ಮ

ಉತ್ತರ: ನಕ್ಕುಬಿಟ್ಟೆ. ಆದರೆ ದಾರಿ ಇದೆ. ಈಗಲೇ ಐಸ್ ಬೇಡ, ಗಾಲಿ ಸಾಕು. ಒಂದೇ ಸಾಲಿನಲ್ಲಿ ಚಕ್ರ ಇರುವ ಇನ್‌ಲೈನ್ ಸ್ಕೇಟ್ ಕೊಡಿಸಿ, ಹತ್ತಿರದ ಸ್ಕೇಟಿಂಗ್ ಕ್ಲಾಸಿಗೆ ಸೇರಿಸಿ. ಸಮತೋಲನ, ತಿರುಗುವುದು, ಮಂಡಿ ಬಗ್ಗಿಸಿ ಕೂರುವ ಭಂಗಿ ಎಲ್ಲ ಇಲ್ಲೇ ಬರುತ್ತದೆ. ಗಾಲಿ ಸ್ಕೇಟ್ ಹಾಕಿಕೊಂಡು ಚೆಂಡಿನಲ್ಲಿ ಆಡುವ ರೋಲ್ ಬಾಲ್ ಸಿಕ್ಕರೆ ಅದನ್ನೂ ಆಡಲಿ. ಅದು ಪುಣೆಯಲ್ಲೇ ಹುಟ್ಟಿದ ಆಟ, ರಾಜು ದಾಭಾಡೆ ಅನ್ನುವ ಮೇಷ್ಟ್ರು ಕಂಡುಹಿಡಿದದ್ದು, ಸ್ಕೇಟ್ ಮೇಲೆ ಇತರರನ್ನು ನೋಡಿಕೊಂಡು ಆಡುವುದು ಚೆನ್ನಾಗಿ ಅಭ್ಯಾಸವಾಗುತ್ತದೆ. ಗಾಲಿಯಿಂದ ಐಸ್‌ಗೆ ಹೋದಾಗ ಕಷ್ಟವಾಗುವುದು ನಿಲ್ಲಿಸುವುದರಲ್ಲಿ. ಐಸ್ ಮೇಲೆ ಬ್ಲೇಡನ್ನು ಅಡ್ಡ ತಿರುಗಿಸಿ ಕೆರೆದು ನಿಲ್ಲಬೇಕು. ಅದು ಐಸ್ ಮೇಲೇ ಬರಬೇಕು, ನಾಲ್ಕು ಸಲ ಬಿದ್ದೇ ಬರಬೇಕು.

ಎರಡು ಮೂರು ವರ್ಷ ಆದ ಮೇಲೂ ಹಟ ಇದ್ದರೆ ರಜೆಯಲ್ಲಿ ಡೆಹ್ರಾಡೂನ್ ನೋಡಿ, ಇಲ್ಲವೇ ಗುರುಗ್ರಾಮದ ಮಾಲ್ ಒಂದರಲ್ಲಿ ಸಣ್ಣ ರಿಂಕ್ ಇದೆ. ಜನವರಿಯಲ್ಲಿ ಲೇಹ್‌ಗೆ ಹೋಗುವುದಾದರೆ ಅದು 3,500 ಮೀಟರ್ ಎತ್ತರ, ಇಳಿದ ದಿನವೇ ಸ್ಕೇಟ್ ಕಟ್ಟಿಸಬೇಡಿ, ಮೊದಲು ಮಗು ಉಸಿರಾಟಕ್ಕೆ ಹೊಂದಿಕೊಳ್ಳಲಿ.

ಸಾಮಾನಿನ ವಿಷಯದಲ್ಲಿ ಒಂದು ಮಾತು. ಮುಂದಿನ ವರ್ಷಕ್ಕೂ ಆಗಲಿ ಅಂತ ಒಂದು ಸೈಜ್ ದೊಡ್ಡದು ತೆಗೆಯುವುದು ನಮ್ಮೆಲ್ಲರ ಅಭ್ಯಾಸ. ಸ್ಕೇಟ್‌ನಲ್ಲಿ ಅದು ನಡೆಯಲ್ಲ, ಹಿಮ್ಮಡಿ ಒಳಗೆ ಅಲುಗಾಡಿದರೆ ಪಾದ ತಿರುಚುತ್ತದೆ. ಮೊಣಕಾಲು, ಮೊಣಕೈ ಪ್ಯಾಡ್ ಬೇಕಾದರೆ ಅಕ್ಕಪಕ್ಕದ ಮಕ್ಕಳದ್ದು ಕೇಳಿ ತನ್ನಿ. ಹೆಲ್ಮೆಟ್ ಮಾತ್ರ ಹೊಸದೇ ಕೊಡಿಸಿ.