ವೈದ್ಯರ ಉತ್ತರ: ಸಿ.ಟಿ. ಆದ ಮೇಲೂ ಎಂ.ಆರ್.ಐ. ಏಕೆ?

ಪ್ರಶ್ನೆ: 68 ವರ್ಷದ ನಮ್ಮ ತಂದೆಯವರಿಗೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ನಿಶ್ಚಯವಾಗಿದೆ. ಸಿ.ಟಿ. ಮುಗಿದಿದ್ದರೂ ಮತ್ತೊಂದು ಎಂ.ಆರ್.ಐ.ಗಾಗಿ ಮೈಸೂರಿಗೆ ಬರಹೇಳಿದ್ದಾರೆ. ಹಿಂದಿನ ಎಂ.ಆರ್.ಐ. ವರದಿಯಲ್ಲಿರುವ ‘ಪೈ-ರಾಡ್ಸ್ 5’ ಎಂದರೆ ಕೊನೆಯ ಹಂತವೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಅಲ್ಲ. ಅದು ಚಿತ್ರವನ್ನು ನೋಡಿ ಕ್ಯಾನ್ಸರ್ ಇರಬಹುದೆಂದು ಕೊಡುವ, 1ರಿಂದ 5ರವರೆಗಿನ ಅನುಮಾನದ ಅಳತೆ ಮಾತ್ರ. ರೋಗದ ಹಂತವನ್ನು ಬೇರೆಯಾಗಿಯೇ ನಿರ್ಧರಿಸುತ್ತಾರೆ.

ವಿಕಿರಣದ ಪ್ರಮಾಣವನ್ನು ಲೆಕ್ಕಹಾಕಲು ಸಾಮಾನ್ಯವಾಗಿ ಸಿ.ಟಿ.ಯನ್ನು ಬಳಸುತ್ತಾರಾದರೂ, ಅದರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅಂಚು, ಮುಖ್ಯವಾಗಿ ಕೆಳತುದಿಯಲ್ಲಿ, ಸುತ್ತಲಿನ ಸ್ನಾಯುಗಳೊಡನೆ ಬೆರೆತು ಕಾಣುವುದರಿಂದ ಗ್ರಂಥಿಯನ್ನು ಇರುವುದಕ್ಕಿಂತ ದೊಡ್ಡದಾಗಿ ಗುರುತಿಸುವ ಸಂಭವವಿದೆ. ಎಂ.ಆರ್.ಐ.ಯಲ್ಲಿ ತೆಗೆಯುವ ‘ಟಿ2’ ಎಂಬ ಬಗೆಯ ಚಿತ್ರಗಳಲ್ಲಿ ಆ ಅಂಚು ಸ್ಪಷ್ಟವಾಗುತ್ತದೆ. ರೋಗವು ಹೊರಕವಚವನ್ನು ದಾಟಿದೆಯೇ, ವೀರ್ಯಕೋಶಗಳನ್ನು ತಲುಪಿದೆಯೇ ಎಂಬುದೂ ತಿಳಿಯುತ್ತದೆ, ಮತ್ತು ಹಾಗಿದ್ದಲ್ಲಿ ವಿಕಿರಣದ ಗುರಿಯನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಬೇಕಾಗುತ್ತದೆ.

ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವುದರಿಂದ ಮೂತ್ರಕೋಶ ಮತ್ತು ಗುದನಾಳ ಎರಡೂ ಸಲ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿರಬೇಕು. ದೂರದ ಬಸ್ ಪ್ರಯಾಣವೆಂದು ನೀರು ಕುಡಿಯದೆ ಹೋಗುವವರೇ ಹೆಚ್ಚು. ದಯವಿಟ್ಟು ಆಸ್ಪತ್ರೆಯವರು ಹೇಳಿದಷ್ಟು ಕುಡಿಸಿ.

ಬಯಾಪ್ಸಿಯ (ಸೂಜಿಯಿಂದ ತುಣುಕು ತೆಗೆದು ಮಾಡುವ ಪರೀಕ್ಷೆಯ) ದಿನಾಂಕವನ್ನು ತಪ್ಪದೆ ತಿಳಿಸಿ, ಏಕೆಂದರೆ ಅದರಿಂದ ಗ್ರಂಥಿಯಲ್ಲಿ ಉಳಿದ ರಕ್ತವು ಟಿ2 ಚಿತ್ರದಲ್ಲಿ ರೋಗದಂತೆಯೇ ಕಪ್ಪಾಗಿ ಕಾಣಬಹುದು. ಹಾರ್ಮೋನ್ ಚುಚ್ಚುಮದ್ದು ಆರಂಭವಾಗಿದ್ದರೆ ಗ್ರಂಥಿ ಕುಗ್ಗಿ ಗಡ್ಡೆ ಮಸುಕಾಗಿರುತ್ತದೆ. ಆಗ ಹಳೆಯ ಎಂ.ಆರ್.ಐ.ಯ ಸಿ.ಡಿ. ಬಹಳ ಉಪಯುಕ್ತ, ಬರೀ ವರದಿಯ ಹಾಳೆ ಸಾಲದು. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು.