ಕರ್ಬಿ ಡಾಕ್ ಸೆಂಟರೇ, ವಿಂಗೇ?

ಸಂಪಾದಕರ ಉತ್ತರ

ಮಾನ್ಯ ಓದುಗರೆ,

ಮಾಂಟ್ರಿಯಲ್‌ನಿಂದ ತಾವು ಬರೆದ ದೀರ್ಘ ಪತ್ರ ತಲುಪಿತು. ನಮ್ಮ ಹಿಂದಿನ ಸಂಚಿಕೆಯ ಐಸ್ ಹಾಕಿ ಲೇಖನದಲ್ಲಿ ಕರ್ಬಿ ಡಾಕ್ ಅವರನ್ನು ‘ಮಾಂಟ್ರಿಯಲ್ ಕನೇಡಿಯನ್ಸ್ ತಂಡದ ತಪ್ಪಿದ ಲೆಕ್ಕ’ ಎಂದು ಕರೆದದ್ದು ತಮಗೆ ಒಪ್ಪಿಗೆಯಾಗಿಲ್ಲ. 2019ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮದಲ್ಲಿ) ಮೂರನೆಯವರಾಗಿ ಆಯ್ಕೆಯಾದ, ಆರಡಿ ನಾಲ್ಕಂಗುಲ ಎತ್ತರದ ಈ ಆಟಗಾರನನ್ನು ಗಾಯಗಳು ಹಿಂದಕ್ಕೆ ಎಳೆದಿವೆಯೇ ಹೊರತು ಪ್ರತಿಭೆ ಕುಂದಿಲ್ಲ ಎಂದು ತಾವು ಬರೆದಿದ್ದೀರಿ. ತಂಡದ ಸೆಂಟರ್ (ನಡುವಿನ) ಆಟಗಾರ ಕ್ರಿಶ್ಚಿಯನ್ ಡ್ವೊರಾಕ್ 2025ರ ಜುಲೈನಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ಹೋಗಿರುವುದರಿಂದ ಎರಡನೇ ಲೈನಿನ, ಎಂದರೆ ಒಟ್ಟಿಗೆ ಆಡುವ ಮೂವರು ಮುಂಚೂಣಿ ಆಟಗಾರರ ಎರಡನೇ ಗುಂಪಿನ, ಸೆಂಟರ್ ಸ್ಥಾನ ಡಾಕ್ ಅವರಿಗೇ ಸಲ್ಲಬೇಕು ಎಂದೂ ವಾದಿಸಿದ್ದೀರಿ. ತಮ್ಮ ಗೆಳೆಯರ ಬಳಗ ಇದೇ ವಿಷಯಕ್ಕೆ ಎರಡು ಪಕ್ಷವಾಗಿದೆ ಎಂದು ತಿಳಿಸಿ ನನ್ನ ಅಭಿಪ್ರಾಯ ಕೇಳಿದ್ದೀರಿ. ತಮ್ಮ ಮೊದಲ ಮಾತನ್ನು ನಾನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ.

ಮೊದಲು ನಮ್ಮ ತಪ್ಪಿನ ಮಾತು. ಡಾಕ್ 2022-23ರಲ್ಲಿ 58 ಪಂದ್ಯಗಳಿಂದ 38 ಪಾಯಿಂಟ್ (ಗೋಲು ಮತ್ತು ಅಸಿಸ್ಟ್, ಎಂದರೆ ಗೋಲಿಗೆ ನೆರವಾದ ಪಾಸ್, ಸೇರಿ) ಗಳಿಸಿದ್ದರು, 2024-25ರಲ್ಲಿ 57 ಪಂದ್ಯಗಳಿಂದ ಕೇವಲ 22 ಗಳಿಸಿದರು ಎಂದು ಲೇಖನ ಹೇಳಿತು. ಅಂಕಿಗಳು ಸರಿ. ಆದರೆ ಈ ಎರಡರ ನಡುವಿನ ಋತುವಿನಲ್ಲಿ ಅವರು ಆಡಿದ್ದು ಎರಡೇ ಪಂದ್ಯ ಎಂಬುದನ್ನು, 2023ರ ಅಕ್ಟೋಬರ್ 14ರಂದು ತಮ್ಮ ಹಳೆಯ ತಂಡವಾದ ಷಿಕಾಗೊ ಬ್ಲ್ಯಾಕ್‌ಹಾಕ್ಸ್ ವಿರುದ್ಧವೇ ಆಡುವಾಗ ಬಲ ಮೊಣಕಾಲಿನ ಎರಡು ಅಸ್ಥಿರಜ್ಜುಗಳು ಹರಿದು ಇಡೀ ವರ್ಷ ಕಳೆದುಕೊಂಡರು ಎಂಬುದನ್ನು ಲೇಖನ ಎಲ್ಲಿಯೂ ಹೇಳಲಿಲ್ಲ. ಮರಳಿ ಬಂದ ಋತುವೂ ಪೂರ್ತಿಯಾಗಲಿಲ್ಲ. 2025ರ ಫೆಬ್ರವರಿಯಲ್ಲಿ ಅದೇ ಮೊಣಕಾಲು ಮತ್ತೆ ಕೈಕೊಟ್ಟು ಎರಡನೇ ಶಸ್ತ್ರಚಿಕಿತ್ಸೆಯಾಯಿತು. ಈ ವಿವರವಿಲ್ಲದೆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟದ್ದು ಆಟಗಾರನಿಗೆ ಮಾಡಿದ ಅನ್ಯಾಯ. ಅದನ್ನು ಪ್ರಕಟಣೆಗೆ ಒಪ್ಪಿದವನು ನಾನೇ ಆದ್ದರಿಂದ ಹೊಣೆಯೂ ನನ್ನದೇ.

ಈಗ ಡಾಕ್ ಅವರನ್ನು ಷಿಕಾಗೊದಿಂದ ಮಾಂಟ್ರಿಯಲ್‌ಗೆ ತಂದ ಟ್ರೇಡ್‌ನ, ಎಂದರೆ ವಿನಿಮಯದ, ಬಗ್ಗೆ. ಹಾಕಿಯೆಂದರೆ ಹುಲ್ಲಿನ ಅಥವಾ ಟರ್ಫಿನ ಮೇಲಿನ ಆಟವೆಂದೇ ತಿಳಿದ ನಮ್ಮ ಅನೇಕ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯಲ್ಲಿ ತಂಡಗಳು ಆಟಗಾರರನ್ನು ಮಾತ್ರವಲ್ಲ, ಮುಂಬರುವ ಡ್ರಾಫ್ಟ್‌ನಲ್ಲಿ ಹೊಸಬರನ್ನು ಆರಿಸುವ ಸರದಿಯನ್ನೂ ಪರಸ್ಪರ ಬದಲಾಯಿಸಿಕೊಳ್ಳಬಹುದು. 2022ರ ಜುಲೈ 7ರಂದು ಡ್ರಾಫ್ಟ್ ನಡೆದದ್ದು ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ. ಮೊದಲ ಆಯ್ಕೆ ಆತಿಥೇಯ ತಂಡದ್ದೇ ಆಗಿತ್ತು. ಶೇನ್ ರೈಟ್ ಎಂಬ ಸೆಂಟರ್ ಆಟಗಾರನ ಹೆಸರನ್ನು ಸಭಾಂಗಣದಲ್ಲಿದ್ದ ಬಹುಪಾಲು ಅಭಿಮಾನಿಗಳು ನಿರೀಕ್ಷಿಸಿದ್ದರು. ತಂಡ ಆರಿಸಿದ್ದು ವಿಂಗ್ (ಬದಿಯ) ಆಟಗಾರ ಯುರಾಯ್ ಸ್ಲಾಫ್ಕೊವ್ಸ್ಕಿಯನ್ನು. ಅದೇ ಸಂಜೆ ಜನರಲ್ ಮ್ಯಾನೇಜರ್ ಕೆಂಟ್ ಹ್ಯೂಸ್, ಅಭಿಮಾನಿಗಳ ಮೆಚ್ಚಿನ ರಕ್ಷಣಾ ಆಟಗಾರ ಅಲೆಕ್ಸಾಂಡರ್ ರೊಮಾನೊವ್ ಅವರನ್ನು 98ನೇ ಆಯ್ಕೆಯೊಂದಿಗೆ ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಕೊಟ್ಟು 13ನೇ ಆಯ್ಕೆಯನ್ನು ಪಡೆದರು. ಅದಕ್ಕೆ 66ನೇ ಆಯ್ಕೆಯನ್ನು ಸೇರಿಸಿ ಷಿಕಾಗೊಗೆ ಕೊಟ್ಟು ಡಾಕ್ ಅವರನ್ನು ತಂದರು. ಕೈಬಿಟ್ಟ ಸೆಂಟರ್‌ನ ಬದಲಿಗೆ ಸಿಕ್ಕ ಸೆಂಟರ್ ಎಂದೇ ಜನ ಅವರನ್ನು ಕಂಡರು. ಇಂದಿನವರೆಗೂ ನಡೆಯುತ್ತಿರುವ ವಾಗ್ವಾದದ ಬೇರು ಆ ಒಂದು ಸಂಜೆಯಲ್ಲಿದೆ ಎಂಬುದು ನನ್ನ ನಂಬಿಕೆ. ಇಪ್ಪತ್ತೊಂದು ವರ್ಷದ ಹುಡುಗನಿಗೆ ತಂಡದ ಬಟ್ಟೆ ತೊಡುವ ಮೊದಲೇ ಒಂದು ಸ್ಥಾನವನ್ನು ಹಣೆಗೆ ಬರೆದಿಟ್ಟ ಹಾಗಾಯಿತು.

ಷಿಕಾಗೊ ಏಕೆ ಬಿಟ್ಟುಕೊಟ್ಟಿತು ಎಂದು ತಾವು ಕೇಳಿದ್ದೀರಿ. ಹಿಂದಿನ ಋತುವಿನಲ್ಲಿ 41 ಗೋಲು ಹೊಡೆದಿದ್ದ ಅಲೆಕ್ಸ್ ಡೆಬ್ರಿಂಕ್ಯಾಟ್ ಅವರನ್ನೂ ಆ ತಂಡ ಅದೇ ದಿನ ಒಟ್ಟಾವಾ ತಂಡಕ್ಕೆ ಕೊಟ್ಟಿತು ಎಂಬುದನ್ನು ಗಮನಿಸಿದರೆ, ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಹೊರಟವರು ಯಾವ ಕಂಬವನ್ನೂ ಉಳಿಸಿಕೊಳ್ಳಲು ಇಚ್ಛಿಸಲಿಲ್ಲ ಎಂಬುದು ತಿಳಿಯುತ್ತದೆ. ಡಾಕ್ ಅವರ ಆಟವೂ ಕಾರಣವಾಗಿತ್ತೆನ್ನಿ: ಮೂರು ಋತುಗಳಲ್ಲಿ 152 ಪಂದ್ಯ, 19 ಗೋಲು, 40 ಅಸಿಸ್ಟ್. ಆದರೆ ಅಲ್ಲಿಯೂ ಗಾಯದ ಕಥೆಯಿದೆ. 2020ರ ಡಿಸೆಂಬರ್‌ನಲ್ಲಿ ಕೆನಡಾ ಕಿರಿಯರ ತಂಡದ ನಾಯಕನಾಗಿ ವಿಶ್ವ ಚಾಂಪಿಯನ್‌ಷಿಪ್‌ಗೆ ಮುನ್ನ ಆಡಿದ ಅಭ್ಯಾಸ ಪಂದ್ಯದಲ್ಲಿ ಅವರ ಬಲ ಮಣಿಕಟ್ಟು ಮುರಿಯಿತು. ಆ ಋತುವಿನಲ್ಲಿ ಷಿಕಾಗೊ ಪರ ಅವರು ಆಡಲಾದದ್ದು 18 ಪಂದ್ಯ ಮಾತ್ರ. ಮುಂದಿನ ವರ್ಷ ಫೇಸ್-ಆಫ್‌ಗಳಲ್ಲಿ, ಎಂದರೆ ರೆಫ್ರಿ ಕೆಳಗೆ ಬಿಡುವ ಪಕ್‌ಗಾಗಿ (ಚೆಂಡಿನ ಬದಲಿಗೆ ಬಳಸುವ ಚಪ್ಪಟೆ ಬಿಲ್ಲೆಗಾಗಿ) ಇಬ್ಬರು ಕೋಲು ಹೂಡಿ ಸೆಣಸುವ ಗಳಿಗೆಗಳಲ್ಲಿ, ಅವರು ಗೆದ್ದದ್ದು ಸರಿಸುಮಾರು ಮೂರರಲ್ಲಿ ಒಂದನ್ನು. ಇದಕ್ಕೆ ಮಣಿಕಟ್ಟೇ ಕಾರಣವೆನ್ನುವ ತಮ್ಮ ಊಹೆ ಅಸಂಗತವೇನಲ್ಲ. ಆದರೂ ಫೇಸ್-ಆಫ್ ಸೆಂಟರ್‌ನ ಕೆಲಸದ ಸಣ್ಣ ಭಾಗ ಮಾತ್ರ, ನನ್ನ ಆಕ್ಷೇಪ ಅದನ್ನು ಅವಲಂಬಿಸಿಲ್ಲ.

ಮಾಂಟ್ರಿಯಲ್‌ನಲ್ಲಿ ಅವರ ಮೊದಲ ಋತುವನ್ನು ನೆನೆಯೋಣ. ತರಬೇತುದಾರ ಮಾರ್ಟಿನ್ ಸೇಂಟ್ ಲೂಯಿ, ಡಾಕ್ ಅವರನ್ನು ನಿಕ್ ಸುಜುಕಿ ಮತ್ತು ಕೋಲ್ ಕಾಫೀಲ್ಡ್ ಜೊತೆ ವಿಂಗ್‌ನಲ್ಲಿ ನಿಲ್ಲಿಸಿದಾಗ ಕಂಡ ಆಟವನ್ನು ನಾನು ಮರೆತಿಲ್ಲ. ಬೆಂಗಳೂರಿನಲ್ಲಿ ಬೆಳಗಿನ ಐದೂವರೆಗೆ ಎದ್ದು ಕುಳಿತು ನೋಡಿದ ಪಂದ್ಯಗಳವು. ಪಕ್ ಅನ್ನು ತಮ್ಮ ಉದ್ದನೆಯ ತೋಳುಗಳ ಅಂತರದಲ್ಲಿ ಕಾಯ್ದುಕೊಂಡು ಮಧ್ಯವಲಯವನ್ನು ಒಂದೇ ಓಟದಲ್ಲಿ ದಾಟುವುದು, ಎದುರಾಳಿಯ ಗೆರೆಯೊಳಗೆ ಹೊಕ್ಕ ಮೇಲೆ ರಿಂಕ್‌ನ (ಮಂಜುಗಡ್ಡೆಯ ಅಂಗಳದ) ಸುತ್ತಲಿನ ಹಲಗೆಯ ಪಕ್ಕ ಬೆನ್ನುಕೊಟ್ಟು ನಿಂತು ಇಬ್ಬರನ್ನು ತಮ್ಮತ್ತ ಸೆಳೆಯುವುದು, ಅವರು ಸಮೀಪಿಸಿದ ಕ್ಷಣಕ್ಕೆ ತೆರವಾದ ಜಾಗದಲ್ಲಿರುವ ಕಾಫೀಲ್ಡ್‌ಗೆ ಪಕ್ ಒಪ್ಪಿಸುವುದು, ಇವು ಬೇರೆಯವರಿಗೆ ಕಲಿಸಿ ಬರುವಂಥವಲ್ಲ. ಆಗ ಅವರ ಹೆಗಲ ಮೇಲೆ ಸೆಂಟರ್‌ನ ಹೊಣೆ ಇರಲಿಲ್ಲ. ಅದನ್ನು ಸುಜುಕಿ ಹೊತ್ತಿದ್ದರು.

ಆ ಹೊಣೆ ಎಂಥದು ಎಂಬುದರಲ್ಲೇ ನನ್ನ ಭಿನ್ನಾಭಿಪ್ರಾಯವಿದೆ. ಪಕ್ ಎದುರಾಳಿಯ ಕೈಸೇರಿ ಆಟ ನಮ್ಮ ಗೋಲಿನ ಕಡೆಗೆ ತಿರುಗಿದಾಗ ವಿಂಗ್ ಆಟಗಾರನು ಹಲಗೆಯ ಬಳಿ, ಮೇಲ್ಭಾಗದಲ್ಲಿ ಕಾಯುತ್ತ ದೂರದಿಂದ ಹೊಡೆಯುವವರನ್ನು ತಡೆದರೆ ಅವನ ಪಾಲಿನ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಸೆಂಟರ್ ಹಾಗಲ್ಲ. ಅವನು ಗೋಲಿನ ಬಾಯಿಯವರೆಗೂ ಇಳಿಯಬೇಕು, ಯಾವ ರಕ್ಷಣಾ ಆಟಗಾರ ಮೂಲೆಗೆ ಹೋದನೋ ಅವನು ಬಿಟ್ಟ ಜಾಗವನ್ನು ತುಂಬಬೇಕು, ನಿಲ್ಲಬೇಕು, ತಿರುಗಬೇಕು, ಮತ್ತೆ ಹೊರಡಬೇಕು. ಪಕ್ ಮರಳಿ ಸಿಕ್ಕಿದ ಕೂಡಲೇ ರಿಂಕ್‌ನ ಇನ್ನೊಂದು ತುದಿಗೂ ಮೊದಲಿಗನಾಗಿ ಧಾವಿಸಬೇಕು. ಆಗಲೇ ಒಮ್ಮೆ ಕತ್ತರಿ ಕಂಡಿದ್ದ ಮೊಣಕಾಲಿನ ಮೇಲೆ ಈ ನಿಲ್ಲು-ತಿರುಗು-ಓಡು ಎಂಬ ಆವರ್ತನೆ ಎಷ್ಟು ಭಾರ ಹೇರುತ್ತದೆ ಎಂಬುದನ್ನು 2024-25ರ ಋತುವಿನಲ್ಲಿ ನಾವು ಕಂಡೆವು. ಹೆಚ್ಚುವರಿ ಆಟಗಾರನ ಅನುಕೂಲದಲ್ಲಿ ಬಂದ ಗೋಲುಗಳನ್ನು ಬಿಟ್ಟರೆ, ಅವರು ರಿಂಕ್‌ನಲ್ಲಿದ್ದ ಹೊತ್ತಿನಲ್ಲಿ ತಂಡ ಹೊಡೆದ ಗೋಲುಗಳಿಗಿಂತ ತಿಂದ ಗೋಲುಗಳು 29 ಹೆಚ್ಚು. ಈ ಅಂಕಿ ಒಬ್ಬನ ತಪ್ಪನ್ನಷ್ಟೇ ಅಳೆಯುವುದಿಲ್ಲ, ಜೊತೆಗಾರರ ಪಾಲೂ ಅದರಲ್ಲಿರುತ್ತದೆ. ಆದರೂ 57 ಪಂದ್ಯಗಳಲ್ಲಿ ಅಷ್ಟು ಅಂತರವನ್ನು ದುರದೃಷ್ಟವೆಂದು ತಳ್ಳಿಹಾಕಲಾಗದು. ಆಟ ತಮ್ಮ ಗೋಲಿನ ಕಡೆ ತಿರುಗಿದಾಗ ಅವರು ಅರ್ಧ ಹೆಜ್ಜೆ ತಡವಾಗಿರುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು.

ಡ್ವೊರಾಕ್ ಹೋದರು, ಆದ್ದರಿಂದ ಡಾಕ್ ಬರಲಿ ಎಂಬ ವಾದದಲ್ಲಿ ತಂಡದ ಅಗತ್ಯವಿದೆ, ಆಟಗಾರನ ಯೋಗ್ಯತೆಯ ವಿಚಾರವಿಲ್ಲ. ಎರಡನೇ ಸೆಂಟರ್ ಇಲ್ಲದಿರುವುದು ಜನರಲ್ ಮ್ಯಾನೇಜರ್ ಕೆಂಟ್ ಹ್ಯೂಸ್ ಅವರು ಬಗೆಹರಿಸಬೇಕಾದ ಸಮಸ್ಯೆ. ಇವಾನ್ ಡೆಮಿಡೊವ್ ಅವರಂಥ ಎಳೆಯ, ಅಪರೂಪದ ಪ್ರತಿಭೆಯ ಪಕ್ಕದಲ್ಲಿ, ಇನ್ನೂ ತಮ್ಮ ಕಾಲನ್ನೇ ನಂಬದ ಸೆಂಟರ್‌ನನ್ನು ನಿಲ್ಲಿಸಿದರೆ ಇಬ್ಬರಿಗೂ ನಷ್ಟ. ಸುಜುಕಿಯ ಲೈನಿನಲ್ಲಿ ಈಗ ಸ್ಲಾಫ್ಕೊವ್ಸ್ಕಿ ಗಟ್ಟಿಯಾಗಿ ನೆಲೆಯೂರಿದ್ದಾರೆ, ಆ ಬಾಗಿಲು ಮುಚ್ಚಿದೆ. ಹಾಗಾಗಿ ಋತುವಿನ ಆರಂಭಕ್ಕೆ ಮೂರನೇ ಲೈನಿನ ವಿಂಗ್, ಅಲ್ಲಿ ಹಳೆಯ ಓಟ ಮರಳಿದರೆ ಎರಡನೇ ಲೈನಿನ ವಿಂಗ್, ಇದು ನನ್ನ ಆಯ್ಕೆ. ಇದನ್ನು ಹಿಂಬಡ್ತಿ ಎಂದು ತಮ್ಮ ಗೆಳೆಯರು ಭಾವಿಸಬಾರದು. ಅವರ ಅತ್ಯುತ್ತಮ ಆಟ ಹೊಮ್ಮಿದ್ದು ಆ ಜಾಗದಲ್ಲೇ.

ಇನ್ನು ‘ಮೂರನೆಯ ಆಯ್ಕೆ’ ಎಂಬ ಮಾತು ತಮ್ಮ ಪತ್ರದಲ್ಲಿ ಮತ್ತೆ ಮತ್ತೆ ಬಂದಿದೆ. 2019ರ ಮೊದಲ ಮೂವರಲ್ಲಿ ಆರಿಸಿದ ತಂಡದಲ್ಲೇ ಇರುವವರು ನ್ಯೂಜೆರ್ಸಿಯ ಜ್ಯಾಕ್ ಹ್ಯೂಸ್ ಒಬ್ಬರೇ; ಎರಡನೆಯವರಾದ ಕಾಪೊ ಕಾಕ್ಕೊ 2024ರ ಡಿಸೆಂಬರ್‌ನಲ್ಲಿ ಸಿಯಾಟಲ್‌ಗೆ ಟ್ರೇಡ್ ಆದರು. ಅದೇ ವರ್ಷ ಹದಿನೈದನೆಯವರಾಗಿ ಬಂದ ಕಾಫೀಲ್ಡ್ ಇಂದು ತಂಡದ ಮುಖ್ಯ ಗೋಲುಗಾರ. ಹದಿನೆಂಟರ ಹರೆಯದಲ್ಲಿ ಅಂಟಿದ ಅಂಕಿ ಇಪ್ಪತ್ತನಾಲ್ಕರಲ್ಲಿ ಯಾರನ್ನೂ ಕಾಯುವುದಿಲ್ಲ, ದೂಷಿಸಲೂ ಬಳಸಬಾರದು. ವರ್ಷಕ್ಕೆ ಸರಾಸರಿ 33.6 ಲಕ್ಷ ಡಾಲರ್‌ನ ಅವರ ನಾಲ್ಕು ವರ್ಷಗಳ ಒಪ್ಪಂದ 2026ರಲ್ಲಿ ಮುಗಿಯುತ್ತದೆ. ಅವರ ಮುಂದಿರುವುದು 2025-26ರ ಈ ಒಂದೇ ಋತು, ಅದರಲ್ಲಿ ಹೊಸ ಸ್ಥಾನದ ಪರೀಕ್ಷೆಗಿಂತ ಎಪ್ಪತ್ತು ಪಂದ್ಯಗಳ ಆರೋಗ್ಯ ಅವರಿಗೆ ಹೆಚ್ಚು ಮುಖ್ಯ ಎಂದು ನಾನು ಪ್ರಾಮಾಣಿಕವಾಗಿ ನಂಬುತ್ತೇನೆ.

ಅಕ್ಟೋಬರ್‌ನ ಮೊದಲ ಪಂದ್ಯಗಳನ್ನು ತಾವು ರಿಂಕ್‌ನಲ್ಲೇ ಕುಳಿತು ನೋಡುವಿರಿ. ಟಿವಿಯ ಪರದೆಯಲ್ಲಿ ನನಗೆ ಕಾಣದ್ದು ತಮಗೆ ಕಾಣುತ್ತದೆ. ಪಕ್ ಕೈತಪ್ಪಿದ ಮೇಲೆ ಡಾಕ್ ಹಿಂದಿರುಗುವ ಮೊದಲ ಮೂರು ಹೆಜ್ಜೆಗಳನ್ನು ದಯವಿಟ್ಟು ಗಮನಿಸಿ ಬರೆಯಿರಿ. ಅವು 2022ರ ಹೆಜ್ಜೆಗಳಂತಿದ್ದರೆ ನನ್ನ ಅಭಿಪ್ರಾಯವನ್ನು ಬದಲಿಸಿ ತಮ್ಮ ಪತ್ರವನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇನೆ. ತಾವು ತೋರಿಸಿಕೊಟ್ಟಂತೆ ಹೆಸರಿನ ಉಚ್ಚಾರ ‘ಡಾಕ್’ ಎಂದೇ ಸರಿ. ನಾವು ‘ಡ್ಯಾಚ್’ ಎಂದು ಮುದ್ರಿಸಿದ್ದನ್ನು ಈ ಸಂಚಿಕೆಯಿಂದ ತಿದ್ದಿಕೊಂಡಿದ್ದೇವೆ.

– ಸಂಪಾದಕ