‘ನಾಟ್’ ಎಲ್ಲೋ ‘ಆಲ್ವೇಸ್’ ಅಲ್ಲೇ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಕರಾರಿನವು: ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾವಿಶೇಷಣ, ಅಂದರೆ ಯಾವಾಗ, ಎಲ್ಲಿ, ಹೇಗೆ ಎಂದು ಹೇಳುವ ‘ಆಲ್ವೇಸ್’ ತರಹದ ಪದ, ಎಲ್ಲಿ ಬರಬೇಕು? ಸ್ಪೆಲ್ಲಿಂಗ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ‘ಹಿ ಆಲ್ವೇಸ್ ಕಮ್ಸ್ ಲೇಟ್’ ಸರಿ, ಆದರೆ ‘ಹಿ ಆಲ್ವೇಸ್ ಈಸ್ ಲೇಟ್’ ತಪ್ಪು, ‘ಹಿ ಈಸ್ ಆಲ್ವೇಸ್ ಲೇಟ್’ ಅನ್ನಬೇಕಂತೆ. ‘ಹಿ ಸ್ಪೀಕ್ಸ್ ಫ್ಲೂಯೆಂಟ್ಲಿ ಇಂಗ್ಲಿಷ್’ ಕೂಡ ತಪ್ಪಂತೆ. ಯಾಕೆ ಅಂತ ಕೋಚಿಂಗ್ ಮೇಷ್ಟ್ರನ್ನು ಕೇಳಿದರೆ ‘ರೂಲ್ ಅದು, ಬರ್ಕೋ’ ಅಂದರು. — ದಾವಣಗೆರೆಯ ಓದುಗ

ಉತ್ತರ: ಬರ್ಕೊಂಡಿದ್ದು ಸರಿ, ಬಿಡಬೇಡಿ. ಆದರೆ ಈ ಮೂರಕ್ಕೂ ಬೇರು ಒಂದೇ. ಅದು ಗೊತ್ತಾದರೆ ಬರ್ಕೊಳ್ಳುವ ಕೆಲಸ ಕಡಿಮೆಯಾಗುತ್ತದೆ.

1611ರ ಇಂಗ್ಲಿಷ್ ಬೈಬಲ್ ತೆಗೆದು ನೋಡಿ. ಶಿಲುಬೆಯ ಮೇಲಿಂದ ಯೇಸು ಹೇಳುವ ಮಾತು ಅಲ್ಲಿ ಹೀಗಿದೆ: ‘ದೇ ನೋ ನಾಟ್ ವಾಟ್ ದೇ ಡೂ’. ಇವತ್ತು ಯಾರಾದರೂ ‘ಐ ನೋ ನಾಟ್’ ಅಂದರೆ ನಾಟಕದ ಡೈಲಾಗ್ ಅನ್ನಿಸುತ್ತದೆ. ಆಗ ಅದು ನೇರವಾದ ಮಾತು. ಅಂದಿನ ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದವಾದರೂ ‘ನಾಟ್’ ಅನ್ನು ಹಿಂದೆ ಹಾಕಿ ಮುಂದಕ್ಕೆ ಬರಬಹುದಿತ್ತು. ಕಾಲಕ್ರಮದಲ್ಲಿ ಸಾಮಾನ್ಯ ಕ್ರಿಯಾಪದಗಳು ಆ ಹಕ್ಕು ಕಳೆದುಕೊಂಡವು. ಹಾಗಾಗಿ ಅಲ್ಲಿಗೆ ‘ಡು’ ಬಂದು ಸೇರಿತು: ‘ದೇ ಡು ನಾಟ್ ನೋ’. ಹಳೆಯ ಹಕ್ಕು ಉಳಿದಿರುವುದು ‘ಈಸ್’, ‘ಆರ್’, ‘ವಾಸ್’ ಬಳಗಕ್ಕೆ ಮತ್ತು ‘ಹ್ಯಾಸ್’, ‘ವಿಲ್’, ‘ಕ್ಯಾನ್’ ತರಹದ ಹೆಲ್ಪಿಂಗ್ ವರ್ಬುಗಳಿಗೆ ಮಾತ್ರ.

ಈಗ ನಿಮ್ಮ ಕೈಗೆ ಒಂದು ಪರೀಕ್ಷೆ ಸಿಕ್ಕಿತು. ವಾಕ್ಯಕ್ಕೆ ‘ನಾಟ್’ ಹಾಕಿ ನೋಡಿ. ಅದು ಕೂರುವ ಜಾಗವೇ ‘ಆಲ್ವೇಸ್’, ‘ನೆವರ್’, ‘ಆಫನ್’, ‘ಯೂಶುವಲಿ’, ‘ಆಲ್‌ರೆಡಿ’ಗಳ ಜಾಗ. ‘ಹಿ ಈಸ್ ನಾಟ್ ಲೇಟ್’, ಹಾಗಾಗಿ ‘ಹಿ ಈಸ್ ಆಲ್ವೇಸ್ ಲೇಟ್’. ‘ಐ ವುಡ್ ನಾಟ್ ಹ್ಯಾವ್ ಗಾನ್’, ಹಾಗಾಗಿ ‘ಐ ವುಡ್ ನೆವರ್ ಹ್ಯಾವ್ ಗಾನ್’. ‘ಹಿ ಡಸ್ ನಾಟ್ ಕಮ್’ ಇದ್ದರೆ ‘ನಾಟ್’ ಜೊತೆ ‘ಡಸ್’ ಅನ್ನೂ ಕಿತ್ತುಹಾಕಿ: ‘ಹಿ ಆಲ್ವೇಸ್ ಕಮ್ಸ್’. ‘ಹಿ ಆಲ್ವೇಸ್ ಈಸ್ ಲೇಟ್’ ಅಂತ ರೇಗಿ, ‘ಈಸ್’ ಮೇಲೆ ಒತ್ತು ಹಾಕಿ ಹೇಳುವವರು ಇಂಗ್ಲೆಂಡಿನಲ್ಲೇ ಇದ್ದಾರೆ. ನೀವು ಪರೀಕ್ಷೆಯಲ್ಲಿ ರೇಗಬೇಡಿ.

ಇನ್ನು ‘ಫ್ಲೂಯೆಂಟ್ಲಿ’. ಕ್ರಿಯಾಪದ ಮುಂದಕ್ಕೆ ಜಿಗಿಯುತ್ತಿದ್ದ ಕಾಲದಲ್ಲಿ ಅದಕ್ಕೂ ಕರ್ಮಕ್ಕೂ (ನಿಮ್ಮ ವಾಕ್ಯದಲ್ಲಿ ‘ಇಂಗ್ಲಿಷ್’) ನಡುವೆ ಕ್ರಿಯಾವಿಶೇಷಣ ಬರುತ್ತಿತ್ತು. 15ನೇ ಶತಮಾನದ ಬರಹಗಳಲ್ಲಿ ಅಂಥ ವಾಕ್ಯಗಳು ಸಿಗುತ್ತವೆ. ಫ್ರೆಂಚಿನಲ್ಲಿ ಇಂದಿಗೂ ಅದೇ ಕ್ರಮ. ಇಂಗ್ಲಿಷಿನಲ್ಲಿ ಜಿಗಿತ ನಿಂತಿತು, ನಡುವಿನ ಸಂದೂ ಮುಚ್ಚಿತು. ನಮಗೆ ಈ ತಪ್ಪು ಕಿವಿಗೆ ಬೀಳದಿರುವುದಕ್ಕೆ ಕನ್ನಡದ ಉದಾರತೆ ಕಾರಣ. ‘ಇಂಗ್ಲಿಷನ್ನು ಸಲೀಸಾಗಿ ಮಾತಾಡುತ್ತಾನೆ’, ‘ಸಲೀಸಾಗಿ ಇಂಗ್ಲಿಷನ್ನು ಮಾತಾಡುತ್ತಾನೆ’, ಎರಡೂ ನಡೆಯುತ್ತವೆ. ‘ಅನ್ನು’ ಪ್ರತ್ಯಯ ಅಂಟಿಕೊಂಡಿರುವಷ್ಟು ಕಾಲ ಕರ್ಮ ಎಲ್ಲಿ ಕೂತರೂ ಗುರುತು ಸಿಗುತ್ತದೆ. ಇಂಗ್ಲಿಷಿನಲ್ಲಿ ‘ಹಿ ಸ್ಪೀಕ್ಸ್ ಇಂಗ್ಲಿಷ್ ಫ್ಲೂಯೆಂಟ್ಲಿ’ ಅಂತಲೇ ಹೇಳಬೇಕು. ಹೇಗೆ ಮಾಡಿದ ಅನ್ನುವುದನ್ನು ಹೇಳುವ ಇಂಥ ಪದಗಳಿಗೆ ‘ನಾಟ್’ ಪರೀಕ್ಷೆ ಹಚ್ಚಬೇಡಿ, ಅವುಗಳ ಮಾಮೂಲಿ ಜಾಗ ಕೊನೆ. ಕರ್ಮ ತೀರಾ ಉದ್ದವಾದಾಗ ಮಾತ್ರ ರಿಯಾಯಿತಿ: ‘ಶಿ ರೆಡ್ ಕೇರ್‌ಫುಲಿ ಎವ್ರಿ ಲೆಟರ್ ದಟ್ ಹರ್ ಬ್ರದರ್ ಹ್ಯಾಡ್ ಸೆಂಟ್ ಫ್ರಮ್ ದುಬೈ’.

ಪ್ರಶ್ನೆ: ನಾನು ಮೇಲ್‌ನಲ್ಲಿ ‘ವಿ ವಿಲ್ ಸರ್ಟನ್ಲಿ ಸೆಂಡ್ ದ ರಿಪೋರ್ಟ್’ ಅಂತ ಬರೆದರೆ ನಮ್ಮ ಮ್ಯಾನೇಜರ್ ‘ಸರ್ಟನ್ಲಿ’ಯನ್ನು ಎಳೆದು ಕೊನೆಗೆ ಹಾಕುತ್ತಾರೆ. ‘ವಿಲ್’ ಮತ್ತು ‘ಸೆಂಡ್’ ನಡುವೆ ಏನೂ ಬರಕೂಡದಂತೆ, ಒಳ್ಳೆಯ ಇಂಗ್ಲಿಷ್ ಬರೆಯುವವರು ಹಾಗೆ ಒಡೆಯುವುದಿಲ್ಲವಂತೆ. — ಬೆಂಗಳೂರಿನ ಓದುಗಿ

ಉತ್ತರ: ನಿಮ್ಮ ಮ್ಯಾನೇಜರ್ ಒಬ್ಬರೇ ಅಲ್ಲ, ಈ ಕಾಯಿಲೆ ದೊಡ್ಡ ದೊಡ್ಡವರ ಮನೆಯಲ್ಲೂ ಇದೆ.

2009ರ ಜನವರಿ 20. ವಾಷಿಂಗ್ಟನ್ನಿನಲ್ಲಿ ಬರಾಕ್ ಒಬಾಮ ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದರು. ಬೋಧಿಸುತ್ತಿದ್ದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಸಂವಿಧಾನದ ಎರಡನೇ ವಿಧಿಯಲ್ಲಿ ಅಚ್ಚಾಗಿರುವ ಮಾತು ‘ಐ ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್ ದ ಆಫೀಸ್’. ಕೈಯಲ್ಲಿ ಚೀಟಿಯಿಲ್ಲದೆ ನೆನಪಿನಿಂದ ಹೇಳಿಕೊಡುತ್ತಿದ್ದ ರಾಬರ್ಟ್ಸ್, ‘ಐ ವಿಲ್ ಎಕ್ಸಿಕ್ಯೂಟ್ ದ ಆಫೀಸ್’ ಅಂತ ಶುರುಮಾಡಿ ‘ಫೇತ್‌ಫುಲಿ’ಯನ್ನು ಒಯ್ದು ಕೊನೆಗೆ ಸಿಕ್ಕಿಸಿದರು. ಒಬಾಮ ‘ಎಕ್ಸಿಕ್ಯೂಟ್’ ತನಕ ಹೇಳಿ ನಿಂತುಬಿಟ್ಟರು. ಅವರಿಗೆ ಮೂಲಪಾಠ ಗೊತ್ತಿತ್ತು. ನ್ಯಾಯಮೂರ್ತಿಗಳು ಸರಿಪಡಿಸಲು ಹೋಗಿ ಮತ್ತೆ ತಡವರಿಸಿದರು. ಕೊನೆಗೆ ಒಬಾಮ ಮೊದಲು ಕೇಳಿಸಿಕೊಂಡ ತಪ್ಪು ಕ್ರಮದಲ್ಲೇ ಒಪ್ಪಿಸಿ ಮುಗಿಸಿದರು. ಮರುದಿನ ಶ್ವೇತಭವನದ ಮ್ಯಾಪ್ ರೂಮಿನಲ್ಲಿ ಅದೇ ಇಬ್ಬರು ಅದೇ ಪ್ರಮಾಣವನ್ನು ಇನ್ನೊಮ್ಮೆ, ಪದ ತಪ್ಪದಂತೆ, ಮಾಡಿ ಮುಗಿಸಬೇಕಾಯಿತು. ಒಂದು ಕ್ರಿಯಾವಿಶೇಷಣ ಜಾಗ ಬಿಟ್ಟು ಕದಲಿದ್ದಕ್ಕೆ!

ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಪ್ರಕಾರ ಅದು ಬರೀ ಮರೆವಲ್ಲ. ಹೆಲ್ಪಿಂಗ್ ವರ್ಬ್ ಮತ್ತು ಮುಖ್ಯ ಕ್ರಿಯಾಪದವನ್ನು ಒಡೆಯಬಾರದೆಂಬ ಮೂಢನಂಬಿಕೆ ನ್ಯಾಯಮೂರ್ತಿಗಳ ನಾಲಿಗೆಯನ್ನು ಎಳೆಯಿತು. ಅವರ ಮನಸ್ಸಿನಲ್ಲಿ ಏನಿತ್ತೋ ಅವರಿಗೇ ಗೊತ್ತು, ಆದರೆ ನನಗೆ ಈ ವಿವರಣೆ ಇಷ್ಟ.

ಆ ನಂಬಿಕೆ ಹುಟ್ಟಿದ್ದು ಇದರ ಅಣ್ಣನಂಥ ಇನ್ನೊಂದು ನಿಯಮದಿಂದ: ‘ಟು’ ಮತ್ತು ಕ್ರಿಯಾಪದದ ನಡುವೆ ಏನೂ ಬರಬಾರದು, ‘ಟು ಕ್ಲಿಯರ್ಲಿ ಅಂಡರ್‌ಸ್ಟ್ಯಾಂಡ್’ ಅನ್ನಬಾರದು ಅನ್ನುವುದು. ಹೆನ್ರಿ ಆಲ್ಫರ್ಡ್ ಎಂಬ ಪಾದ್ರಿ 1864ರಲ್ಲಿ ಹಾಗೆ ಒಡೆಯುವುದನ್ನು ಆಕ್ಷೇಪಿಸಿದ. ಶಾಲೆಗಳು ಅಂಥ ಆಕ್ಷೇಪವನ್ನು ಎತ್ತಿಕೊಂಡು ಕಾನೂನು ಮಾಡಿದವು. ದಿ ಎಕನಾಮಿಸ್ಟ್ ಪತ್ರಿಕೆ ತನ್ನ ಬರಹಗಾರರಿಗೆ ಈ ಕಟ್ಟು ಸಡಿಲಿಸಿದ್ದು 2018ರಲ್ಲಿ. ‘ವಿಲ್ ಸರ್ಟನ್ಲಿ ಸೆಂಡ್’ಗಂತೂ ಆ ಹಳೆಯ ಆಕ್ಷೇಪವೂ ತಗಲುವುದಿಲ್ಲ. ಮೇಲಿನ ‘ನಾಟ್’ ಪರೀಕ್ಷೆ ಹಚ್ಚಿ: ‘ವಿಲ್ ನಾಟ್ ಸೆಂಡ್’. ಅದು ‘ಸರ್ಟನ್ಲಿ’ಯ ಸ್ವಂತ ಮನೆ. ಮ್ಯಾನೇಜರಿಗೆ ಅಮೆರಿಕದ ಸಂವಿಧಾನ ತೋರಿಸಿ. ಅಪ್ರೈಸಲ್ ಹತ್ತಿರವಿದ್ದರೆ ಮುಗಿದ ಮೇಲೆ ತೋರಿಸಿ.

ಪ್ರಶ್ನೆ: ‘ಐ ಟೋಲ್ಡ್ ಹಿಮ್ ಯೆಸ್ಟರ್ಡೇ ಓನ್ಲಿ’, ‘ಹಿ ಈಸ್ ಲೈಕ್ ದಟ್ ಓನ್ಲಿ’ ಅಂದಾಗ ನನ್ನ ಮೊಮ್ಮಗಳು ನಗುತ್ತಾಳೆ. ಅವಳು ಹುಟ್ಟಿ ಬೆಳೆದದ್ದು ಲಂಡನ್ನಿನಲ್ಲಿ. — ಧಾರವಾಡದ ಹಿರಿಯರು

ಉತ್ತರ: ನಗಲಿ. ನೀವು ‘ಓನ್ಲಿ’ ಅನ್ನುತ್ತಿರುವುದು ಕನ್ನಡದ ‘ಏ’. ನಾನೇ ಹೇಳಿದೆ, ಅವನಿಗೇ ಹೇಳಿದೆ, ನಿನ್ನೆಯೇ ಹೇಳಿದೆ: ಬೇಕಾದ ಪದದ ಬಾಲಕ್ಕೆ ಒಂದು ಸ್ವರ ಸೇರಿಸಿದರೆ ಕೆಲಸ ಆಯಿತು. ಇಂಗ್ಲಿಷಿನವರು ಈ ಕೆಲಸವನ್ನು ದನಿಯಲ್ಲಿ ಮಾಡುತ್ತಾರೆ, ‘ಯೆಸ್ಟರ್ಡೇ’ ಮೇಲೆ ಒತ್ತು ಹಾಕಿ ಸುಮ್ಮನಾಗುತ್ತಾರೆ. ಮೊಮ್ಮಗಳಿಗೆ ‘ನಿನ್ನೆ ಮಾತ್ರ ಹೇಳಿದೆ, ಬೇರೆ ದಿನ ಹೇಳಲಿಲ್ಲ’ ಅಂತ ಕೇಳಿಸುತ್ತದೆ. ಮನೆಯಲ್ಲಿ ನಿಮ್ಮ ‘ಓನ್ಲಿ’ ಇಟ್ಟುಕೊಳ್ಳಿ. ಅರ್ಜಿಗಳಲ್ಲಿ ಬೇಡ.

ಪ್ರಶ್ನೆ: ‘ಐ ರಿಯಲಿ ಡೋಂಟ್ ನೋ’, ‘ಐ ಡೋಂಟ್ ರಿಯಲಿ ನೋ’. ವ್ಯತ್ಯಾಸ? — ಉಡುಪಿ

ಉತ್ತರ: ಮೊದಲನೆಯದು ‘ನಿಜವಾಗ್ಲೂ ಗೊತ್ತಿಲ್ಲ’. ಎರಡನೆಯದು ‘ಅಷ್ಟಾಗಿ ಗೊತ್ತಿಲ್ಲ’. ಪೊಲೀಸರೆದುರು ಮೊದಲನೆಯದನ್ನೇ ಬಳಸಿ.

ಪ್ರಶ್ನೆ: ಮಗ ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ಯಾವಾಗ, ಎಲ್ಲಿ, ಹೇಗೆ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಕಲಸಿಬಿಡುತ್ತಾನೆ. — ಚಿಕ್ಕಮಗಳೂರಿನ ತಾಯಿ

ಉತ್ತರ: ಕನ್ನಡ ವಾಕ್ಯವನ್ನು ಕ್ರಿಯಾಪದದಿಂದ ಹಿಂದಕ್ಕೆ ಓದಿಸಿ. ‘ಅವಳು ನಿನ್ನೆ ಲೈಬ್ರರಿಯಲ್ಲಿ ಸದ್ದಿಲ್ಲದೆ ಓದಿದಳು’: ಓದಿದಳು, ಸದ್ದಿಲ್ಲದೆ, ಲೈಬ್ರರಿಯಲ್ಲಿ, ನಿನ್ನೆ. ‘ಶಿ ರೆಡ್ ಕ್ವಾಯಟ್ಲಿ ಇನ್ ದ ಲೈಬ್ರರಿ ಯೆಸ್ಟರ್ಡೇ’. ‘ಅಪ್ಪ ನಿನ್ನೆ ಬಸ್ಸಲ್ಲಿ ಮೈಸೂರಿಗೆ ಹೋದರು’ ಅನ್ನುವುದನ್ನು ಹಿಂದಿನಿಂದ ಬಿಚ್ಚಿದರೆ ‘ವೆಂಟ್ ಟು ಮೈಸೂರು ಬೈ ಬಸ್ ಯೆಸ್ಟರ್ಡೇ’. ಎಲ್ಲ ವಾಕ್ಯಕ್ಕೂ ಹೊಂದುವುದಿಲ್ಲ, ಎಂಟನೇ ಕ್ಲಾಸಿಗೆ ಧಾರಾಳ ಸಾಕು. ಕನ್ನಡ ಮಾಧ್ಯಮದ ಹುಡುಗನಿಗೆ ಇದು ಇಂಗ್ಲಿಷ್ ಮಾಧ್ಯಮದವರಿಗಿಂತ ಬೇಗ ಹತ್ತುತ್ತದೆ. ಹಿಂದಿನಿಂದ ಬಿಚ್ಚಲು ಅವನ ಹತ್ತಿರ ಗಟ್ಟಿ ಕನ್ನಡ ವಾಕ್ಯ ಇರುತ್ತದಲ್ಲ.

ಪ್ರಶ್ನೆ: ಮಗಳ ಚರ್ಚಾಸ್ಪರ್ಧೆಯ ಭಾಷಣದ ಕರಡು ಕಳಿಸಿದ್ದೇನೆ. ‘ನೆವರ್ ಐ ಹ್ಯಾವ್ ಸೀನ್’ ಸರಿಯೇ? — ಕಾರವಾರ

ಉತ್ತರ: ‘ನೆವರ್ ಹ್ಯಾವ್ ಐ ಸೀನ್’. ‘ನೆವರ್’, ‘ಸೆಲ್ಡಮ್’, ‘ಹಾರ್ಡ್ಲಿ’ಯಂಥ ಇಲ್ಲವೆನ್ನುವ ಪದ ವಾಕ್ಯದ ತಲೆಗೆ ಬಂದರೆ ಹೆಲ್ಪಿಂಗ್ ವರ್ಬ್ ಕರ್ತೃವನ್ನು ದಾಟಿ ಮುಂದೆ ಬರಬೇಕು. ಹೆಲ್ಪಿಂಗ್ ವರ್ಬ್ ಇಲ್ಲದಿದ್ದರೆ ‘ಡು’ ತರಿಸಿಕೊಳ್ಳಬೇಕು: ‘ಸೆಲ್ಡಮ್ ಡಸ್ ಹಿ ಕಮ್’. ವೇದಿಕೆಯ ಮೇಲೆ ಇದಕ್ಕೆ ಒಳ್ಳೆಯ ಗತ್ತಿದೆ, ಆದರೆ ಒಂದು ಭಾಷಣಕ್ಕೆ ಒಂದು ಸಾಕು. ಕರಡಿನಲ್ಲಿ ಇಂಥವು ನಾಲ್ಕಿವೆ. ಮಳೆಗಾಲದ ರಸ್ತೆಯ ಬಗ್ಗೆ ಇರುವುದನ್ನು ಉಳಿಸಿಕೊಂಡು ಮಿಕ್ಕ ಮೂರನ್ನು ‘ಐ ಹ್ಯಾವ್ ನೆವರ್ ಸೀನ್’ ಅಂತ ತಿದ್ದಿ ವಾಪಸ್ ಕಳಿಸುತ್ತಿದ್ದೇನೆ.